ಸರ್ವರ್ ಐತೆ

ನಮ್ಮ ಅಪ್ಪ ಸರ್ವರ್. ಚನ್ನಗಿರಿಯ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದಕ್ಕೆ ಮೀಸೆ ಚಿಗುರುವ ಮೊದಲೇ ಸೇರಿ, ಮೀಸೆ ಪೂರ್ತಿ ಬೆಳ್ಳಗಾದ ಮೇಲೆ ಬಿಟ್ಟವರು. ಶಾಲೆಯಲ್ಲಿ ತಂದೆಯ ಉದ್ಯೋಗ ಏನು ಎಂದು ಕೇಳಿದಾಗ ನಾನು ಎದ್ದು ನಿಂತು, ಹಿಂದಿನ ಬೆಂಚಿಗೂ ಕೇಳುವಂತೆ ‘ಸರ್ವರ್’ ಎನ್ನುತ್ತಿದ್ದೆ. ಯಾರಾದರೂ ಕಿಸಕ್ಕೆಂದರೆ ಊಟದ ಬಿಡುವಿನಲ್ಲಿ ಅವರ ಲೆಕ್ಕ ಚುಕ್ತಾ ಆಗುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಈಗ ನನ್ನ ಉದ್ಯೋಗ ಏನೆಂದು ಕೇಳಿದರೂ ಬಾಯಿಗೆ ಬರುವುದು ಅದೇ ಪದ. ನಾನು ಸರ್ವರ್ ಕಟ್ಟುವವಳು.

ಕೆಲಸ ಇಷ್ಟೇ. ಶಾಲೆ, ಕಾಲೇಜು, ತರಬೇತಿ ಕೇಂದ್ರಗಳಲ್ಲಿ ಹಳೇ ಕಂಪ್ಯೂಟರುಗಳು ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಮೊದಲು ಕೈಕೊಡುವುದು ಒಳಗಿನ ಹಾರ್ಡ್ ಡಿಸ್ಕು. ಅದು ಹೋಯಿತೆಂದರೆ ಕಂಪ್ಯೂಟರಿಗೆ ಎದ್ದ ಮೇಲೆ ಮುಂದೇನು ಮಾಡಬೇಕೆಂದೇ ತಿಳಿಯುವುದಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿಣಮಿಣ ಅನ್ನುತ್ತಾ ಇರುತ್ತದೆ. ಹೊಸದು ತಗೊಳ್ಳಿ, ಇದನ್ನು ಗುಜರಿಗೆ ಹಾಕಿ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಕಗೊಡುವುದಿಲ್ಲ. ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರನ್ನು ಗಟ್ಟಿ ಮಾಡಿ, ಅದಕ್ಕೆ ಎಲ್ಲವನ್ನೂ ತುಂಬಿ, ಉಳಿದವುಗಳಿಗೆ ಒಂದೇ ಬುದ್ಧಿ ಹೇಳುತ್ತೇನೆ: ಎದ್ದ ಕೂಡಲೇ ನಿನ್ನ ಹೊಟ್ಟೆಯೊಳಗೆ ತಡಕಾಡಬೇಡ, ತಂತಿಯಲ್ಲಿ ಕೂಗು. ಅವು ಕೂಗುತ್ತವೆ. ಆ ಒಂದು ಕಂಪ್ಯೂಟರು ಓಗೊಟ್ಟು, ನಿನ್ನ ನಂಬರು ಇದು, ನಿನ್ನ ಫೈಲು ಇದು ಎಂದು ಬೇಕಾದ್ದನ್ನೆಲ್ಲ ತಂತಿಯ ಮೇಲೆಯೇ ಕಳಿಸುತ್ತದೆ. ಇದಕ್ಕೆ ನೆಟ್‌ವರ್ಕ್ ಬೂಟ್ ಎನ್ನುತ್ತಾರೆ. ಓಗೊಡುವ ಆ ಕಂಪ್ಯೂಟರೇ ಬೂಟ್ ಸರ್ವರ್.

ಇದನ್ನು ಅಪ್ಪನಿಗೆ ಮೊದಲ ಸಲ ವಿವರಿಸಿದಾಗ ಅವರು ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿಸಿಕೊಂಡರು.

“ಗಿರಾಕಿ ಬಂದು ಕುಂತ್ರು. ಸರ್ವರ್ ಅಂತ ಕೂಗಿದ್ರು. ನಾನು ಬಂದೇ ಅಂದೆ, ತಟ್ಟೆ ತಂದಿಟ್ಟೆ. ಇದ್ರಾಗೆ ಹೊಸದೇನೈತವ್ವ?”

“ಏನೂ ಇಲ್ಲಪ್ಪ” ಎಂದೆ.

“ಒಂದು ಮಾತು ನೆನಪಿಟ್ಕೋ. ಒಂದು ಟೇಬಲ್ಲಿಗೆ ಒಬ್ನೇ ಸರ್ವರ್ರು. ಇಬ್ರು ಬಂದೇ ಅಂದ್ರೋ, ಇಡ್ಲಿ ಬರಂಗಿಲ್ಲ. ಅವ್ನು ತರ್ತಾನೆ ಅಂತ ಇವ್ನು, ಇವ್ನು ತರ್ತಾನೆ ಅಂತ ಅವ್ನು.”

ಈ ಮಾತಿಗೆ ನಾನು ನಕ್ಕಿದ್ದೆ. ನಗುವಂಥ ಸಂಗತಿ ಅಪ್ಪನಲ್ಲಿ ಇನ್ನೊಂದಿತ್ತು. ಹೋಟೆಲು ಬಿಟ್ಟು ಎಷ್ಟು ಕಾಲವಾದರೂ ‘ಸರ್ವರ್’ ಎಂಬ ಪದ ಕಿವಿಗೆ ಬಿದ್ದರೆ ಅವರ ಮೈ ತಾನಾಗಿ ಅರ್ಧ ಏಳುತ್ತಿತ್ತು. ಒಮ್ಮೆ ಬ್ಯಾಂಕಿನಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನಿಂದ ಯಾರೋ “ಸರ್ವರ್ ಇಲ್ಲ” ಎಂದರು. ಅಪ್ಪ ಎದ್ದು, ಕಿಟಕಿಯ ಹತ್ತಿರ ಹೋಗಿ, “ಯಾಕ್ರೀ, ರಜಾ ಹಾಕ್ಯಾನಾ?” ಎಂದು ಕೇಳಿ ಬಂದರು. ಬ್ಯಾಂಕಿನವರು ನಕ್ಕರೋ ಬಿಟ್ಟರೋ, ನಾನಂತೂ ದಾರಿಯುದ್ದಕ್ಕೂ ನಕ್ಕೆ.

ಅಪ್ಪ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ‘ಸರ್ವರ್’ ಎಂಬ ಪದ ಒಂಟಿಯಾಗಿ ಓಡಾಡುವುದಿಲ್ಲ, ಹಿಂದೆಯೇ ‘ಇಲ್ಲ’ ಇರುತ್ತದೆ. ಪಡಿತರಕ್ಕೆ ಹೆಬ್ಬೆರಳು ಒತ್ತಲು ಸಾಲಿನಲ್ಲಿ ನಿಂತವರು, ಪಹಣಿಗೆ ಬಂದವರು, ಯಾರೇ ಆಗಲಿ, ಆ ಎರಡು ಪದ ಕೇಳಿದ ಕೂಡಲೇ ಚೀಲ ಮಡಚಿಕೊಂಡು ಹೊರಡುತ್ತಾರೆ. ಕರೆಂಟ್ ಇಲ್ಲ ಎಂದರೆ ಬಯ್ಯುತ್ತಾರೆ. ಬಸ್ ಇಲ್ಲ ಎಂದರೆ ಕಂಟ್ರೋಲರ್ ಮುಂದೆ ನಿಂತು ಕೂಗಾಡುತ್ತಾರೆ. ಸರ್ವರ್ ಇಲ್ಲ ಎಂದರೆ ಮಾತ್ರ, ಪಾಪ ಇಲ್ಲವೇನೋ ಎಂದು ತಲೆ ಆಡಿಸಿ ಮನೆಗೆ ಹೋಗುತ್ತಾರೆ. ಅದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲವಲ್ಲ, ಯಾರ ಜೊತೆ ಜಗಳ ಆಡುವುದು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ನೆಲದ ಜಾಗಕ್ಕೆ ಸರ್ವರ್ ಬಂದಿದೆ. ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಅಪ್ಪನ ಕೆಲಸದ ಹೆಸರನ್ನು ಯಾರೋ ಸುಳ್ಳಿಗೆ ಬಳಸಿದಂತೆ ಅನ್ನಿಸುತ್ತದೆ.

ನನ್ನ ಅಂಗಡಿ ಇರುವುದು ಚನ್ನಗಿರಿಯ ಅಡಿಕೆ ಮಂಡಿಗಳ ಆಸುಪಾಸಿನಲ್ಲಿ. ಅಲ್ಲಿಂದ ಸ್ಕೂಟರಿನಲ್ಲೋ ಬಸ್ಸಿನಲ್ಲೋ ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತಿರುಗುತ್ತೇನೆ. ಸರ್ವರ್ ಕಟ್ಟುವುದು ದೊಡ್ಡ ವಿದ್ಯೆಯಲ್ಲ, ಇಂಟರ್‌ನೆಟ್‌ನಲ್ಲಿ ಎಲ್ಲ ಸಿಗುತ್ತದೆ. ಅದನ್ನು ಊರಿಗೆ ತಕ್ಕಂತೆ ಒಗ್ಗಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಇಲ್ಲ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಚನ್ನಗಿರಿಯಲ್ಲಿ ಮಂಡಿ ಗುಮಾಸ್ತರಾಗಲು ಕಲಿಯುವವರ ತರಗತಿಗೆ ಕಂಪ್ಯೂಟರು ಎದ್ದ ಕೂಡಲೇ ಲೆಕ್ಕದ ಪ್ರೋಗ್ರಾಮೇ ತೆರೆಯುವಂತೆ ಮಾಡಿದೆ. ನಡುವೆ ಇಸ್ಪೀಟಿನ ಆಟವೊಂದು ಕಂಡರೂ ಅವರು ಅಲ್ಲೇ ಠಿಕಾಣಿ ಹೂಡುವವರು. ಹೊನ್ನಾಳಿಯ ಕಾಲೇಜೊಂದರಲ್ಲಿ ಅರ್ಧ ಕಂಪ್ಯೂಟರುಗಳು ಮುದಿಯಾಗಿದ್ದವು. ಪ್ರತಿ ಕಂಪ್ಯೂಟರಿಗೂ ಹುಟ್ಟಿನಿಂದಲೇ ಬಂದ ಒಂದು ಗುರುತಿನ ನಂಬರು ಇರುತ್ತದೆ. ಅದನ್ನು ನೋಡಿ ಸರ್ವರ್ ಮುದುಕರಿಗೆ ಹಗುರವಾದದ್ದನ್ನೂ ಗಟ್ಟಿಗರಿಗೆ ಪೂರ್ತಿಯಾದದ್ದನ್ನೂ ಬಡಿಸುವಂತೆ ಬರೆದೆ.

ಜಗಳೂರಿನಲ್ಲಿ ಕರೆಂಟ್ ಎನ್ನುವುದು ಬಂದು ಹೋಗುವ ನೆಂಟ. ಅಲ್ಲಿ ಒಂದು ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದೆ, ಅದಕ್ಕೆ ಹೊಟ್ಟೆಯೊಳಗೇ ಬ್ಯಾಟರಿ ಇದೆಯಲ್ಲ. ಕರೆಂಟ್ ಹೋದರೆ ಉಳಿದವು ಮಲಗುತ್ತವೆ. ಬಂದ ಕೂಡಲೇ ಎಲ್ಲ ಒಟ್ಟಿಗೆ ಎದ್ದು ಕೂಗುತ್ತವೆ, ಎಚ್ಚರವಾಗಿಯೇ ಇದ್ದ ಲ್ಯಾಪ್‌ಟಾಪು ಓಗೊಡುತ್ತದೆ. ಡಿಸ್ಕೇ ಇಲ್ಲದ ಮೇಲೆ ಕೆಡುವುದೇನು? ಅಲ್ಲಿಯ ಮೇಷ್ಟ್ರು ಇದನ್ನು ನೋಡಿ ನಿರಾಳವಾಗಿ, “ಹೋದ್ರೆ ಹೋಗ್ಲಿ ಬಿಡ್ರಿ ಮೇಡಂ, ಹಾಲೇನು ಒಡೆಯಂಗಿಲ್ವಲ್ಲ” ಎಂದರು. ಈ ಲ್ಯಾಪ್‌ಟಾಪಿನ ಉಪಾಯವನ್ನು ನಾನು ಆಮೇಲೆ ಎಲ್ಲ ಕಡೆಗೂ ಒಯ್ದೆ.

ನ್ಯಾಮತಿಯ ಕೆಲಸ ಬಂದದ್ದು ಕೊನೆಗೆ. ಅಲ್ಲಿ ಒಂದು ಸಂಘದವರು ನಡೆಸುವ ಚಿಕ್ಕ ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಕಲಿಸುವ ಟೀಚರ್ ಬಸವಾಪಟ್ಟಣದವರು, ದಿನಾ ಬಸ್ಸು ಬದಲಿಸಿಕೊಂಡು ಬರುತ್ತಾರೆ. ಅವರ ಅಪ್ಪ ಅಮ್ಮ ತೋಟಗಳಲ್ಲಿ ಕೂಲಿ ಮಾಡಿದವರು, ಸಂಬಳದ ಕೆಲಸಕ್ಕೆ ಸೇರಿದವರು ಆ ಮನೆಯಲ್ಲಿ ಇವರೇ ಮೊದಲು. ಮೇಜಿನ ಮೇಲೆ ಬುದ್ಧನ ಒಂದು ಪುಟ್ಟ ಮಣ್ಣಿನ ಮೂರ್ತಿ. ಬೆಳಿಗ್ಗೆ ಬಂದವರೇ ಮೊದಲು ಅದರ ಧೂಳು ಒರೆಸಿ, ಅದೇ ಬಟ್ಟೆಯಲ್ಲಿ ಕೀಬೋರ್ಡುಗಳನ್ನೆಲ್ಲ ಒರೆಸಿಕೊಂಡು ಬರುತ್ತಾರೆ. ಎಲ್ಲಕ್ಕೂ ಒಂದೇ ಮರ್ಯಾದೆ.

ಕಲಿಯಲು ಬರುವವರಲ್ಲಿ ಹೆಚ್ಚಿನವರು ಸುತ್ತಿನ ಹಳ್ಳಿಗಳ ಮದುವೆಯಾದ ಹೆಣ್ಣುಮಕ್ಕಳು. ಚೆನ್ನಾಗಿಯೇ ಕಲಿಯುತ್ತಿದ್ದರು. ಆದರೆ ಸರ್ಟಿಫಿಕೇಟಿನ ಪರೀಕ್ಷೆಗೆ ಹೊನ್ನಾಳಿಗೆ ಹೋಗಬೇಕಿತ್ತು. ನ್ಯಾಮತಿ ತಾಲ್ಲೂಕು ಆಯಿತು, ಕಚೇರಿಗಳಿಗೆ ಬೋರ್ಡು ಬಂತು, ಈ ಪರೀಕ್ಷೆ ಮಾತ್ರ ಹೊಳೆ ಕಡೆಯ ಆ ಊರಲ್ಲೇ ಉಳಿದಿತ್ತು. ದೂರವೇನಲ್ಲ. ಆದರೂ ಬೆಳಗಿನ ಬಸ್ಸು, ಮನೆಯ ನೀರು, ಮಗುವಿನ ಜ್ವರ, ಅತ್ತೆಯ ಮುಖ, ಇವುಗಳಲ್ಲಿ ಒಂದಲ್ಲ ಒಂದು ಅಡ್ಡ ಬಂದು, ಕಲಿತವರಲ್ಲಿ ಬಹಳ ಮಂದಿ ಪರೀಕ್ಷೆಗೆ ಹೋಗುತ್ತಲೇ ಇರಲಿಲ್ಲ.

“ನ್ಯಾಮತಿಯಾಗೇ ಆದ್ರೆ ನೀರು ತುಂಬಿಟ್ಟು ಬಂದು ಬರ್ದು, ಹೋಗಿ ಅಡಿಗಿ ಮಾಡ್ತಾರೆ ಅಕ್ಕ” ಎಂದು ಟೀಚರ್ ನನಗೆ ಹೇಳಿದರು. “ಈ ಸಲ ಕೇಂದ್ರ ಸಿಗ್ಲಿಲ್ಲ ಅಂದ್ರೆ ನಾನು ಕಲ್ಸೋದೆಲ್ಲ ನೀರಾಗೆ ಹೋಮ ಮಾಡ್ದಂಗೆ ಆಗ್ತೈತೆ.”

ಅದಕ್ಕಿಂತ ಹೆಚ್ಚಿನ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸಂಘದ ಕಾರ್ಯದರ್ಶಿಗಳೇ ಹೇಳಿದರು. ಅವರದು ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ, ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜೋರು. ದಾವಣಗೆರೆಯಿಂದ ಒಬ್ಬ ಅಧಿಕಾರಿ ಪರಿಶೀಲನೆಗೆ ಬರುವವರಿದ್ದರು. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಎದ್ದು ಪರೀಕ್ಷೆ ನಡೆಸುವಂತಿದ್ದರೆ ನ್ಯಾಮತಿಗೆ ಪರೀಕ್ಷಾ ಕೇಂದ್ರ. ಇಲ್ಲವಾದರೆ ಕಂಪ್ಯೂಟರುಗಳು ತೂಕಕ್ಕೆ ಗುಜರಿಗೆ, ಕೋಣೆ ಗೋಡೌನಿಗೆ ಬಾಡಿಗೆಗೆ, ಟೀಚರ್ ಮನೆಗೆ. ಸಭೆಯಲ್ಲಿ ತೀರ್ಮಾನವಾಗಿತ್ತು.

ಸರ್ವರ್ ಹಾಕಿ ಎಬ್ಬಿಸಿಕೊಡುತ್ತೇನೆ ಎಂದೆ. ಕಾರ್ಯದರ್ಶಿಗಳು ಎರಡೂ ಕೈ ಎತ್ತಿ ಮುಗಿದರು.

“ಅಯ್ಯೋ, ಅದೊಂದು ಬ್ಯಾಡ್ರಿ ಮೇಡಂ. ಊರಾಗೆ ಎಲ್ಲಿ ಹೋದ್ರೂ ಸರ್ವರ್ ಇಲ್ಲ, ಸರ್ವರ್ ಇಲ್ಲ. ಇಲ್ಲ ಅನ್ನಾಕೆ ನಮಗೂ ಒಂದು ಸರ್ವರ್ ಬೇಕೇನ್ರೀ?”

ನಾನು ಸಿಟ್ಟು ನುಂಗಿಕೊಂಡು, “ನಾನು ಕಟ್ಟಿದ ಸರ್ವರ್ ಇಲ್ಲ ಅನ್ನಂಗಿಲ್ರೀ ಯಜಮಾನ್ರೇ” ಎಂದೆ. ಟೀಚರಿಗೂ ಒಂದು ಕಟ್ಟಳೆ ಹಾಕಿದೆ. ಕಂಪ್ಯೂಟರ್ ಕೆಟ್ಟಿದೆ ಅನ್ನಿ, ತಂತಿ ಸಡಿಲ ಅನ್ನಿ, ನನಗೆ ಗೊತ್ತಿಲ್ಲ ಅನ್ನಿ, ಆ ಎರಡು ಪದವನ್ನು ಮಾತ್ರ ಈ ಕೋಣೆಯಲ್ಲಿ ಆಡಬಾರದು.

ಕೆಲಸ ಶುರುವಾಯಿತು. ಸರ್ವರ್ ಓಗೊಟ್ಟ ಮೇಲೆ ಕಂಪ್ಯೂಟರಿನ ಪರದೆಯಲ್ಲಿ ಮೊದಲು ಒಂದು ಮೆನು ಕಾಣುತ್ತದೆ. ಹೋಟೆಲಿನ ಮೆನುವಿನ ಹಾಗೆಯೇ, ಬೇಕಾದ್ದನ್ನು ಆರಿಸಿಕೊಳ್ಳಬೇಕು. ಎಲ್ಲ ಕಡೆ ಅದು ಇಂಗ್ಲಿಷಿನಲ್ಲಿರುತ್ತದೆ. ಟೀಚರ್ ಒಪ್ಪಲಿಲ್ಲ. “ಕಣ್ಣು ಬಿಟ್ಟ ಕೂಡ್ಲೆ ಇಂಗ್ಲಿಷ್ ಕಂಡ್ರೆ ನಮ್ಮೋರು ಕೈ ಹಿಂದಕ್ಕೆ ತಗಂತಾರೆ ಅಕ್ಕ. ಕನ್ನಡದಾಗೆ ಹಾಕಿ.” ಸರಿ ಎಂದು ಒಂದು: ಪಾಠ, ಎರಡು: ಪರೀಕ್ಷೆ, ಮೂರು: ರಿಪೇರಿ ಎಂದು ಕನ್ನಡದಲ್ಲೇ ಬರೆದೆ. ಆ ಮೆನು ತೋರಿಸುವ ಚಿಕ್ಕ ಪ್ರೋಗ್ರಾಮಿಗೆ ಒತ್ತಕ್ಷರದ ಜ್ಞಾನವೇ ಇಲ್ಲ. ಪರೀಕ್ಷೆಯ ‘ಕ್ಷ’ವನ್ನು ಸೀಳಿ, ಕಕಾರವನ್ನೊಂದು ಕಡೆ, ಷಕಾರವನ್ನೊಂದು ಕಡೆ, ಜಗಳವಾಡಿದ ಗಂಡ ಹೆಂಡಿರಂತೆ ನಿಲ್ಲಿಸಿತು. ನಾನಾದರೆ ಅಷ್ಟಕ್ಕೇ ಬಿಡುತ್ತಿದ್ದೆನೋ ಏನೋ. ಟೀಚರ್ ಪರದೆಗೆ ಮುಖ ಹತ್ತಿರ ತಂದು ನೋಡಿ, “ಒತ್ತು ಬಿದ್ದೋಗೈತೆ. ತಪ್ಪು ಕನ್ನಡ ತೋರ್ಸಿ ಪರೀಕ್ಷೆಗೆ ಕುಂದ್ರಿಸ್ಲಾ?” ಎಂದರು.

ನನಗೆ ಆ ಮಾತು ಹಿಡಿಸಿತು. ಬಿಳಿ ಹಾಳೆಯ ಮೇಲೆ ಅವರ ಕೈಯಲ್ಲೇ ಮೂರು ಸಾಲು ಬರೆಸಿದೆ. ಅವರ ಅಕ್ಷರ ಬಲು ದುಂಡು. ಅದರ ಫೋಟೋ ತೆಗೆದು, ಮೆನುವಿನ ಹಿನ್ನೆಲೆಯ ಚಿತ್ರವಾಗಿ ಕೂರಿಸಿ, ಪ್ರೋಗ್ರಾಮಿನ ಸ್ವಂತ ಅಕ್ಷರಗಳನ್ನು ಅಳಿಸಿ ಹಾಕಿದೆ. ಪ್ರೋಗ್ರಾಮಿಗೆ ತಾನು ಕನ್ನಡ ತೋರಿಸುತ್ತಿದ್ದೇನೆಂದೇ ಗೊತ್ತಿಲ್ಲ, ಅದಕ್ಕೆ ಒಂದು, ಎರಡು, ಮೂರು ಅಷ್ಟೇ ಗೊತ್ತು. ಒಂದು ಒತ್ತಿದರೆ ದಿನದ ಪಾಠ. ಎರಡು ಒತ್ತಿದರೆ ಹೊರಗಿನ ಇಂಟರ್‌ನೆಟ್ ಎಲ್ಲ ಮುಚ್ಚಿ ಬರೀ ಪರೀಕ್ಷೆ, ಬರೆದ ಉತ್ತರಗಳು ಆಗಿಂದಾಗಲೇ ಸರ್ವರಿನಲ್ಲಿ ಉಳಿಯುತ್ತವೆ. ಮೂರು ನನಗೆ. ಅಂದು ಎಲ್ಲ ಪರದೆಗಳ ಮೇಲೂ ಟೀಚರ ಕೈಬರಹ ಒಟ್ಟಿಗೆ ಮೂಡಿದಾಗ ಅವರು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟರು. ನನಗೂ ಹೆಮ್ಮೆಯಾಯಿತು. ಮನೆಗೆ ಬಂದು ಅಪ್ಪನ ಮುಂದೆ ಬೇಕಾದಷ್ಟು ಕೊಚ್ಚಿಕೊಂಡೆ.

ಪರಿಶೀಲನೆಯ ಹಿಂದಿನ ದಿನ ಮತ್ತೊಮ್ಮೆ ಹೋಗಿ ನೋಡಿದೆ. ಎಲ್ಲ ಸರಿಯಿತ್ತು. ಮರುದಿನ ಅಧಿಕಾರಿಗಳು ಬರುವ ಹೊತ್ತಿಗೆ ನಾನೂ ನ್ಯಾಮತಿಯಲ್ಲಿದ್ದೆ. ಕಾರ್ಯದರ್ಶಿಗಳು ಆಫೀಸು ಕೋಣೆಯಲ್ಲಿ ಮದುವೆ ಮನೆಯ ಗಂಡಿನ ಕಡೆಯವರಿಗೆ ಮಾಡುವಂಥ ಏರ್ಪಾಡು ಮಾಡಿದ್ದರು. ಎಳನೀರು, ಬಾಳೆಹಣ್ಣು, ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ, ಕುರ್ಚಿಗೆ ಹೊಸ ಟವೆಲ್ಲು. ಅಧಿಕಾರಿಗಳು ನಡುವಯಸ್ಸಿನ ಸೌಮ್ಯ ಮನುಷ್ಯ. ಎಳನೀರು ಮಾತ್ರ ಕುಡಿದು, ನಡೀರಿ ನೋಡೋಣ ಎಂದು ಲ್ಯಾಬಿಗೆ ಬಂದರು.

ಟೀಚರ್ ಸ್ವಿಚ್ ಹಾಕಿದರು. ಕಂಪ್ಯೂಟರುಗಳು ಒಂದೊಂದಾಗಿ ಎದ್ದವು, ತಂತಿಯಲ್ಲಿ ಕೂಗಿದವು, ಕಾದವು. ಕೈಬರಹ ಬರಲಿಲ್ಲ. ಬೂಟ್ ಫೈಲು ಸಿಗಲಿಲ್ಲ ಎಂಬ ಇಂಗ್ಲಿಷಿನ ಒಂದು ಸಾಲು ಮೂಡಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲ ಪರದೆಗಳೂ ಕಪ್ಪಾಗಿಯೇ ನಿಂತವು. ಟೀಚರ್ ಆರಿಸಿ ಮತ್ತೆ ಹಾಕಿದರು. ಮತ್ತೆ ಅದೇ ಸಾಲು.

“ಏನಾಯ್ತಮ್ಮ?” ಎಂದು ಅಧಿಕಾರಿಗಳು ಕೇಳಿದರು.

ಟೀಚರ ಮುಖ ಬಿಳುಚಿಕೊಂಡಿತ್ತು. ಅವರು ನನ್ನ ಕಡೆ ನೋಡಿದರು, ಕಪ್ಪು ಪರದೆಗಳ ಕಡೆ ನೋಡಿದರು. ಗಾಬರಿಯಲ್ಲಿ ಮನುಷ್ಯರ ಬಾಯಿಗೆ ಬರುವುದು ಊರಿಗೆಲ್ಲ ಬಾಯಿಪಾಠವಾದ ಮಾತೇ.

“ಸರ್ವರ್ ಇಲ್ಲ ಸರ್” ಎಂದುಬಿಟ್ಟರು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ನಗು ಮತ್ತು ಸಿಟ್ಟು ಎರಡನ್ನೂ ತರಿಸುತ್ತದೆ. ಯಾರೂ ಗದರಲಿಲ್ಲ, ಯಾರೂ ಆಶ್ಚರ್ಯಪಡಲಿಲ್ಲ. ಅಧಿಕಾರಿಗಳು ಸಮಾಧಾನವಾಗಿ “ಓ, ಸರ್ವರ್ ಇಲ್ವಾ” ಎಂದು ಪೆನ್ನಿನ ಕ್ಯಾಪು ಹಾಕಿದರು. “ಎಲ್ಲಾ ಕಡೆ ಇದೇ ಹಣೆಬರಹ. ನಿಮ್ದೇನು ತಪ್ಪಿಲ್ಲ ಬಿಡಮ್ಮ. ಈ ಸಲಕ್ಕೆ ಹೊನ್ನಾಳೀನೇ ಇರ್ಲಿ, ಮುಂದಿನ ಸಲ ನೋಡಣ” ಎಂದು ಬ್ಯಾಗು ಹೆಗಲಿಗೆ ಏರಿಸಿದರು. ಕಾರ್ಯದರ್ಶಿಗಳು ಅವರಿಗಿಂತ ಮುಂದೆ ಹೋಗಿ ಚಪ್ಪಲಿಗಳನ್ನು ತಿರುಗಿಸಿಟ್ಟರು. ಪಡಿತರದ ಸಾಲಿನಲ್ಲಿ ನಿಂತವರು ಹೊರಡುವಂತೆ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೊರಟಿದ್ದರು. ಟೀಚರ್ ಮಾತ್ರ ಬುದ್ಧನ ಮೇಜಿನ ಪಕ್ಕ ನಿಂತಲ್ಲೇ ನಿಂತಿದ್ದರು, ಕೈಯಲ್ಲಿ ಆ ಒರೆಸುವ ಬಟ್ಟೆ.

ನಾನು ಬಾಗಿಲಿಗೆ ಅಡ್ಡ ನಿಂತೆ. ಹೆದರಿಕೆ ಎಂಬುದು ಆ ಗಳಿಗೆಯಲ್ಲಿ ಹತ್ತಿರವೂ ಸುಳಿಯಲಿಲ್ಲ.

“ಸರ್ವರ್ ಐತ್ರೀ ಸರ್.”

“ಇಲ್ಲ ಅಂದ್ರಲ್ರೀ ಅವ್ರು?”

“ಅವ್ರು ಗಾಬ್ರಿಗೆ ಅಂದ್ರು. ಸರ್ವರ್ ಐತೆ. ಇಲ್ಲೇ ಐತೆ. ಬರ್ರಿ, ತೋರಿಸ್ತೀನಿ.”

ಅವರಿಗೆ ಇದು ಹೊಸದು. ಇಷ್ಟು ವರ್ಷಗಳಲ್ಲಿ ಎಷ್ಟೋ ಕಚೇರಿಗಳಲ್ಲಿ ಸರ್ವರ್ ಇಲ್ಲ ಎಂದು ಕೇಳಿದ್ದರು, ಎಷ್ಟೋ ಸಲ ತಾವೇ ಹೇಳಿಯೂ ಇದ್ದಿರಬಹುದು. ಬನ್ನಿ ಸರ್ವರ್ ತೋರಿಸುತ್ತೇನೆ ಎಂದವರನ್ನು ಮಾತ್ರ ಕಂಡಿರಲಿಲ್ಲ. ಮೂಲೆಯ ಮೇಜಿನ ಕೆಳಗೆ ಮರದ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇತ್ತು. ಅವರು ಬಗ್ಗಿದರು. “ಕೈ ಇಡ್ರಿ” ಎಂದೆ. ಇಟ್ಟರು. ಅದು ಬೆಚ್ಚಗಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು.

“ಹೌದಲ್ರೀ, ಐತೆ” ಎಂದರು ಅವರು, ಬಗ್ಗಿದಲ್ಲಿಂದಲೇ.

“ನನಗೆ ಸ್ವಲ್ಪ ಹೊತ್ತು ಕೊಡ್ರಿ. ಅಷ್ಟರಾಗೆ ಒಂದು ಮಿರ್ಚಿ ತಿನ್ರಿ.”

ಅವರು ಬ್ಯಾಗು ಇಳಿಸಿ, ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತರು. ಮಿರ್ಚಿಗೆ ಹೋಗಲಿಲ್ಲ, ಕುತೂಹಲ ಹತ್ತಿತ್ತು. ನಾನು ಒಂದು ಕಂಪ್ಯೂಟರನ್ನು ಆರಿಸಿ ಮತ್ತೆ ಎಬ್ಬಿಸಿ, ಪರದೆಯನ್ನು ಕಣ್ಣು ಪಿಳುಕಿಸದೆ ನೋಡಿದೆ. ಅದು ಕೂಗಿತು. ಒಡನೆ ಉತ್ತರ ಬಂತು, ನಂಬರೂ ಸಿಕ್ಕಿತು. ಆದರೆ ಅದು ನಾನು ಕೊಡುವ ನಂಬರಲ್ಲ. ನನ್ನ ಸರ್ವರು ಹಂಚುವ ನಂಬರುಗಳ ಸಾಲು ನನಗೆ ಬಾಯಿಗೆ ಬರುತ್ತದೆ, ಇದು ಬೇರೆ ಯಾರದೋ ಸಾಲು. ಅಂದರೆ ಈ ತಂತಿಯಲ್ಲಿ ನನ್ನದಲ್ಲದೆ ಇನ್ನೊಂದು ಓಗೊಡುತ್ತಿದೆ. ನನ್ನದಕ್ಕಿಂತ ಮೊದಲೇ ಬಂದೇ ಎನ್ನುತ್ತಿದೆ, ನಂಬರು ಕೊಟ್ಟು ಕೂರಿಸುತ್ತಿದೆ, ಆದರೆ ಬೂಟ್ ಫೈಲು ಅದರ ಹತ್ತಿರ ಇಲ್ಲ. ಇಬ್ಬರು ಬಂದೇ ಎಂದರೆ ಇಡ್ಲಿ ಬರಂಗಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪನ ಮುಖ ಕಣ್ಣ ಮುಂದೆ ಬಂದು ನನಗೆ ನಗು ತಡೆಯಲಾಗಲಿಲ್ಲ. ಟೀಚರ್ ನಾನು ಹುಚ್ಚಿಯಾದೆನೋ ಎಂಬಂತೆ ನೋಡಿದರು.

ತಂತಿಗಳೆಲ್ಲ ಸೇರುವ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದೆ. ನಿನ್ನೆ ಖಾಲಿಯಿದ್ದ ಒಂದು ತೂತಿನಲ್ಲಿ ಹೊಚ್ಚ ಹೊಸ ಬಿಳಿ ತಂತಿ. ಅದನ್ನೇ ಹಿಡಿದು ನಡೆದೆ. ಅದು ಕಿಟಕಿ ದಾಟಿ, ಗೋಡೆಗುಂಟ ಆಫೀಸು ಕೋಣೆಗೆ ಹೋಗಿ, ಬೀರುವಿನ ಮೇಲಿದ್ದ ಒಂದು ವೈಫೈ ಡಬ್ಬಿಯನ್ನು ಸೇರಿತ್ತು. ಡಬ್ಬಿಯ ಹಣೆಗೆ ಕುಂಕುಮ ಬೇರೆ ಇಟ್ಟಿತ್ತು.

“ಇದ್ಯಾರ್ರೀ ಹಾಕಿದ್ದು?”

ಕಾರ್ಯದರ್ಶಿಗಳು ಎದೆ ಉಬ್ಬಿಸಿ ಮುಂದೆ ಬಂದರು. “ನಾನೇ ರೀ. ಬೆಳಿಗ್ಗೆ ಅಂಗಡಿಯಿಂದ ಬಿಚ್ಕಂಡು ಬಂದು, ಲ್ಯಾಬಿನ ಇಂಟರ್ನೆಟ್ಟಿಗೆ ಸಿಗ್ಸಿದೆ. ಸಾಹೇಬ್ರು ಬರ್ತಾರೆ, ಕುಂತಲ್ಲಿ ವೈಫೈ ಇಲ್ಲಾಂದ್ರೆ ಹೆಂಗ್ರೀ? ಊರ ಮರ್ಯಾದಿ ಪ್ರಶ್ನೆ.”

ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುತ್ತಿದ್ದ ಊರು, ಕಾಲ ಬದಲಾದಂತೆ ವೈಫೈ ಕೊಡಲು ಹೋಗಿತ್ತು. ಆ ಡಬ್ಬಿಯೂ ತನ್ನ ಯಜಮಾನನ ಹಾಗೆಯೇ ಉಪಚಾರದ ಸ್ವಭಾವದ್ದು, ತಂತಿಯಲ್ಲಿ ಯಾರು ಕೂಗಿದರೂ ನನ್ನ ಸರ್ವರಿಗಿಂತ ಮೊದಲು ಬನ್ನಿ ಬನ್ನಿ ಎನ್ನುತ್ತಿತ್ತು. ಬಯ್ಯಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿದೆ. ತಂತಿ ಕಿತ್ತು ಅವರ ಕೈಗೆ ಕೊಟ್ಟೆ. “ಯಜಮಾನ್ರೇ, ಒಂದು ಟೇಬಲ್ಲಿಗೆ ಒಬ್ನೇ ಸರ್ವರ್ರು” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆ ಆಡಿಸಿದರು.

ಲ್ಯಾಬಿಗೆ ಬಂದು ಟೀಚರಿಗೆ ಸನ್ನೆ ಮಾಡಿದೆ. ಅವರು ಸ್ವಿಚ್ ಹಾಕಿದರು. ಕಂಪ್ಯೂಟರುಗಳು ಎದ್ದವು, ಕೂಗಿದವು, ಈ ಸಲ ಓಗೊಟ್ಟದ್ದು ಸ್ಟೂಲಿನ ಮೇಲಿನ ಲ್ಯಾಪ್‌ಟಾಪು. ಕಿಟಕಿಯ ಪಕ್ಕದ ಪರದೆಯಲ್ಲಿ ಮೊದಲು, ಆಮೇಲೆ ಅದರ ಪಕ್ಕದ್ದರಲ್ಲಿ, ಆಮೇಲೆ ಎಲ್ಲದರಲ್ಲೂ ಆ ದುಂಡು ಅಕ್ಷರಗಳು ಬಂದು ಕೂತವು. ಪಾಠ, ಪರೀಕ್ಷೆ, ರಿಪೇರಿ.

“ಯಾರ ಅಕ್ಷರಾರೀ ಇದು?” ಎಂದು ಅಧಿಕಾರಿಗಳು ಕೇಳಿದರು.

“ನಂದು ಸರ್” ಎಂದರು ಟೀಚರ್. ಅವರ ದನಿ ತಿರುಗಿ ಬಂದಿತ್ತು.

ಟೀಚರ್ ಎರಡು ಒತ್ತಿ ಪರೀಕ್ಷೆಯನ್ನು ತೆರೆದು ತೋರಿಸಿದರು. ಅಧಿಕಾರಿಗಳು ಒಂದೆರಡು ಕಡೆ ತಾವೇ ಕೂತು ಒತ್ತಿ ನೋಡಿದರು. “ನಡುವೆ ಕರೆಂಟ್ ಹೋದ್ರೆ?” ಎಂದರು. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಗೋಡೆಯ ಹತ್ತಿರ ನಡೆದು ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರು. ಎಲ್ಲ ಪರದೆಗಳೂ ಒಮ್ಮೆಗೇ ಆರಿದವು. ಕಾರ್ಯದರ್ಶಿಗಳು “ಅಯ್ಯಯ್ಯೋ” ಎಂದರು. ಟೀಚರ್ ಅವಸರವಿಲ್ಲದೆ ಸೆರಗು ಸರಿಮಾಡಿಕೊಂಡು, ಸ್ವಿಚ್ಚನ್ನು ಮತ್ತೆ ಮೇಲೆತ್ತಿದರು. ಎಲ್ಲ ಮತ್ತೆ ಎದ್ದು, ಮತ್ತೆ ಕೂಗಿ, ಮತ್ತೆ ಅವರ ಅಕ್ಷರಗಳನ್ನೇ ತೋರಿಸಿದವು. ನಾನು ಹೇಳಿಕೊಡದೆ ಅವರು ಮಾಡಿದ ಆ ಕೆಲಸ ನೋಡಿ ನನಗೆ ಕುಣಿಯುವಷ್ಟು ಸಂತೋಷವಾಯಿತು.

ನ್ಯಾಮತಿಗೆ ಪರೀಕ್ಷಾ ಕೇಂದ್ರ ಸಿಕ್ಕಿತು. ಗೋಡೌನಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಕಾರ್ಯದರ್ಶಿಗಳು ತಮ್ಮ ಡಬ್ಬಿಯನ್ನು ಕುಂಕುಮದ ಸಮೇತ ಅಂಗಡಿಗೆ ಒಯ್ದರು. ಲ್ಯಾಬಿನ ತಂತಿಯ ಪೆಟ್ಟಿಗೆಗೆ ನಾನು ಒಂದು ಚೀಟಿ ಅಂಟಿಸಿದೆ: ಇಲ್ಲಿ ಅತಿಥಿ ಸತ್ಕಾರ ಬೇಡ.

ಮೊದಲ ಪರೀಕ್ಷೆಯ ದಿನ ಅಪ್ಪನೂ ಬರುತ್ತೇನೆಂದು ಹಟ ಹಿಡಿದರು. “ನಿನ್ನ ಸರ್ವರ್ರನ್ನ ನಾನೂ ನೋಡ್ಬೇಕು” ಎಂದು ಬಿಳಿ ಅಂಗಿ ಹಾಕಿಕೊಂಡು ಸ್ಕೂಟರು ಹತ್ತಿದರು. ಟೀಚರ್ ಅವರ ಕೈ ಹಿಡಿದು ಒಳಗೆ ಕರೆದೊಯ್ದು, ಮೇಜಿನ ಕೆಳಗಿನ ಲ್ಯಾಪ್‌ಟಾಪನ್ನು ತೋರಿಸಿದರು. “ಇದೇ ಅಪ್ಪಾರೆ ಸರ್ವರ್.” ಅಪ್ಪ ಬಹಳ ಹೊತ್ತು ನೋಡಿದರು. ಜೀವಮಾನವೆಲ್ಲ ನಿಂತೇ ದುಡಿದು ಅವರ ಮೀನಖಂಡದ ನರಗಳು ಗಂಟು ಗಂಟಾಗಿ ಉಬ್ಬಿವೆ, ಈಗ ಸ್ವಲ್ಪ ಹೊತ್ತು ನಿಂತರೂ ನೋವು.

“ಕುಂತಲ್ಲೇ ಕೆಲ್ಸ ಮಾಡ್ತೈತಲ್ಲವ್ವ” ಎಂದರು. “ಪುಣ್ಯ ಮಾಡೈತೆ.”

ನನಗೆ ಅಳು ಬಂತು. ಸಿಟ್ಟು ಬಂದವಳಂತೆ ಮುಖ ಗಂಟು ಹಾಕಿಕೊಂಡು ಅವರನ್ನು ಹೊರಗೆ ಕರೆತಂದು, ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ ನಾನೂ ಪಕ್ಕದಲ್ಲಿ ಕೂತೆ.

ಹೆಣ್ಣುಮಕ್ಕಳು ಬರತೊಡಗಿದರು. ಒಬ್ಬಾಕೆಯ ಕೈಯಲ್ಲಿ ಇನ್ನೂ ಹಿಟ್ಟಿನ ಪುಡಿ ಇತ್ತು, ನಲ್ಲಿಯಲ್ಲಿ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಇನ್ನೊಬ್ಬಾಕೆ ಮಗುವನ್ನು ಗಂಡನ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ, ಅವನಿಗೆ ಹತ್ತು ಮಾತು ಹೇಳಿ ಬಂದಳು. ಎಲ್ಲರೂ ಬಂದರು. ಹೊನ್ನಾಳಿಗೆ ಹೋಗಲಾರದೆ ಬಿಟ್ಟಿದ್ದವರೂ ಬಂದರು. ಪರೀಕ್ಷೆ ನಡೆಸಲು ಬಂದ ಮೇಲ್ವಿಚಾರಕರು ಗೇಟಿನಲ್ಲಿ ಬೈಕು ನಿಲ್ಲಿಸುತ್ತಲೇ, ಇಲ್ಲ ಎಂಬ ಉತ್ತರಕ್ಕೆ ಮೊದಲೇ ಅಣಿಯಾದವರಂತೆ ದೊಡ್ಡ ದನಿಯಲ್ಲಿ ಕೇಳಿದರು.

“ಏನ್ರಮ್ಮ, ಸರ್ವರ್?”

ನನ್ನ ಪಕ್ಕದಲ್ಲಿ ಅಪ್ಪನ ಮೈ ತಾನಾಗಿ ಅರ್ಧ ಎದ್ದಿತು. ಅಷ್ಟರಲ್ಲಿ ಒಳಗಿನಿಂದ ಟೀಚರ ಉತ್ತರ ಬೀದಿಗೇ ಕೇಳುವಂತೆ ಬಂತು.

“ಐತೆ ಸರ್, ಬರ್ರಿ!”

ನಾನು ಅಪ್ಪನ ಮೊಣಕಾಲಿನ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿದೆ.

“ನೀ ಕುಂತ್ಕೋ ಅಪ್ಪ. ಅದು ನೋಡ್ಕಂತೈತೆ.”

ಅಪ್ಪ ಕೂತರು.